10 ಪೆನ್ಸ್ ನಾಣ್ಯದ ಆಟ, 48 ಕೆಬಿ ಮನೆ: ಆರ್ಕೇಡ್ ಗೇಮ್‌ಗಳನ್ನು ಕ್ಯಾಸೆಟ್‌ಗೆ ಇಳಿಸಿದವರ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಶುರು ಮಾಡೋಕೆ ಮುಂಚೆ ಒಂದು ಪ್ರಶ್ನೆ. ಫೋನ್‌ನಲ್ಲಿ ಬಿಜಿಎಂಐ ಆಡುವಾಗ ಸೆಟ್ಟಿಂಗ್ಸ್‌ಗೆ ಹೋಗಿ ಗ್ರಾಫಿಕ್ಸನ್ನ ‘ಸ್ಮೂತ್’ಗೆ ಇಳಿಸಿದ್ದೀರಾ? ನಮ್ಮಲ್ಲಿ ತುಂಬಾ ಜನ ಇಳಿಸಿರ್ತೀವಿ. ಹುಲ್ಲು ಚೆನ್ನಾಗಿ ಕಾಣದಿದ್ರೂ ಪರವಾಗಿಲ್ಲ, ನೆರಳು ಹೋದ್ರೂ ಪರವಾಗಿಲ್ಲ, ಗುರಿ ಇಡೋ ಹೊತ್ತಿಗೆ ಸ್ಕ್ರೀನ್ ತಡವರಿಸಬಾರದು. ಅಂದ್ರೆ ಈ ಆಟದಲ್ಲಿ ಯಾವುದು ಮುಖ್ಯ, ಯಾವುದನ್ನ ಬಿಟ್ಟರೆ ನಡೆಯುತ್ತೆ ಅಂತ ನೀವು ಅಲ್ಲೇ ಒಂದು ತೀರ್ಮಾನ ತಗೊಂಡಿರ್ತೀರಿ.

ಸುಮಾರು 40 ವರ್ಷದ ಹಿಂದೆ ಇದೇ ತೀರ್ಮಾನವನ್ನ ಬ್ರಿಟನ್ನಿನ ಕೆಲವು ಯುವ ಪ್ರೋಗ್ರಾಮರ್‌ಗಳು ಇಡೀ ದೇಶದ ಮಕ್ಕಳ ಪರವಾಗಿ ತಗೊಳ್ತಿದ್ರು. ಆಟಗಾರನ ಕೈಯಲ್ಲಿ ಸೆಟ್ಟಿಂಗ್ಸ್ ಅನ್ನೋದೇ ಇರಲಿಲ್ಲ. ಅವರು ಏನು ಬಿಟ್ಟರೋ ಅದು ಹೋಯ್ತು, ಏನು ಉಳಿಸಿದರೋ ಅದೇ ಆಟ. ಇವತ್ತು ಆ ಆಟಗಳ ಬಗ್ಗೆ, ಅಂದ್ರೆ ಆರ್ಕೇಡ್ ಕನ್ವರ್ಶನ್‌ಗಳ ಬಗ್ಗೆ ಮಾತಾಡೋಣ.

ಎರಡು ಯಂತ್ರಗಳು

ಮೊದಲು ಸನ್ನಿವೇಶ ಹೇಳಿಬಿಡ್ತೀನಿ. 1980ರ ದಶಕದ ಬ್ರಿಟನ್. ಬ್ಲ್ಯಾಕ್‌ಪೂಲ್ ಥರದ ಕಡಲತೀರದ ಊರುಗಳಲ್ಲಿ ದೊಡ್ಡ ದೊಡ್ಡ ಆರ್ಕೇಡ್‌ಗಳು. ಪಬ್‌ನ ಮೂಲೆಯಲ್ಲಿ, ಮೀನು–ಚಿಪ್ಸ್ ಅಂಗಡಿಯಲ್ಲಿ ಒಂದೊಂದು ಆಟದ ಯಂತ್ರ. 10 ಪೆನ್ಸ್ ನಾಣ್ಯ ಹಾಕು, ಆಡು, ಸೋತರೆ ಮತ್ತೊಂದು ನಾಣ್ಯ ಹಾಕು. ಆಟ ಚೆನ್ನಾಗಿದ್ದಷ್ಟೂ ಜೇಬು ಬೇಗ ಖಾಲಿ.

ಮನೆಯಲ್ಲಿ ಇನ್ನೊಂದು ಥರದ ಯಂತ್ರ. 1982ರಲ್ಲಿ ಸಿಂಕ್ಲೇರ್ ಕಂಪನಿ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಪುಟ್ಟ ಕಂಪ್ಯೂಟರ್ ತಂತು. ರಬ್ಬರ್ ಕೀಗಳು, ಮನೆ ಟಿವಿಯೇ ಮಾನಿಟರ್, ಟೇಪ್ ರೆಕಾರ್ಡರೇ ಡಿಸ್ಕ್. 48 ಕೆಬಿ ಮಾಡೆಲ್‌ಗೆ 175 ಪೌಂಡ್. ಹಾಗಾಗಿ ಸಾಧಾರಣ ಮನೆಗಳಿಗೂ ಅದು ಬಂತು. ಇದಕ್ಕಿಂತ ಸ್ವಲ್ಪ ಮುಂಚೆ, 1981ರಲ್ಲಿ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಬಂದಿತ್ತು. ಅದು ಹೆಚ್ಚಾಗಿ ಶಾಲೆಗಳಿಗೆ ಹೋಯ್ತು. 1984ರಲ್ಲಿ ಆಮ್‌ಸ್ಟ್ರಾಡ್ ಕಂಪನಿಯ ಸಿಪಿಸಿ 464. ಜೊತೆಗೆ ಅಮೆರಿಕದಿಂದ ಬಂದು ಬ್ರಿಟನ್ನಿನಲ್ಲೂ ಭರ್ಜರಿಯಾಗಿ ಮಾರಾಟವಾದ ಕಮೊಡೋರ್ 64.

ಈ ಹೆಸರುಗಳು ನಮಗೆ ತೀರಾ ಹೊಸತೇನಲ್ಲ. 1984ರ ಹೊತ್ತಿಗೆ ಭಾರತ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸೋಕೆ ‘ಕ್ಲಾಸ್’ ಅನ್ನೋ ಯೋಜನೆ ಶುರು ಮಾಡಿದಾಗ ಆರಿಸಿಕೊಂಡದ್ದು ಇದೇ ಬಿಬಿಸಿ ಮೈಕ್ರೋವನ್ನ. ಸ್ಪೆಕ್ಟ್ರಮ್‌ನ ಒಂದು ರೂಪವನ್ನೂ ಲೈಸೆನ್ಸ್ ಪಡೆದು ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಅನ್ನೋ ಹೆಸರಲ್ಲಿ ಇಲ್ಲಿ ಮಾರಿದ್ರು. ಮನೆಯಲ್ಲಿ ಆಗ ಶಾಲೆಗೆ ಹೋಗ್ತಿದ್ದವರು ಇದ್ರೆ ಒಂದ್ಸಲ ಕೇಳಿ ನೋಡಿ.

ಈಗ ಹುಡುಗರ ಆಸೆ ಏನು? ಆರ್ಕೇಡ್‌ನಲ್ಲಿ ನಾಣ್ಯ ಕಳ್ಕೊಂಡ ಅದೇ ಆಟ ಮನೆಯಲ್ಲಿ ಬೇಕು, ಎಷ್ಟು ಹೊತ್ತು ಬೇಕಾದ್ರೂ ಆಡಬೇಕು. ಕಷ್ಟ ಶುರುವಾಗೋದೇ ಇಲ್ಲಿ. ಯಾಕಂದ್ರೆ ಈ ಎರಡು ಯಂತ್ರಗಳ ನಡುವೆ ಅಜಗಜಾಂತರ.

ಲೆಕ್ಕ ಹಾಕಿ ನೋಡೋಣ

48 ಕೆಬಿ ಅಂದ್ರೆ ಎಷ್ಟು? ವಾಟ್ಸ್‌ಆ್ಯಪ್‌ನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಿರುತ್ತೆ. ಆ 48ರಲ್ಲೂ ಸುಮಾರು 7 ಕೆಬಿ ಸ್ಕ್ರೀನ್‌ಗೇ ಹೋಗ್ತಿತ್ತು. ಉಳಿದದ್ದರಲ್ಲಿ ಚಿತ್ರ, ಸದ್ದು, ನಕ್ಷೆ, ಶತ್ರುಗಳ ಬುದ್ಧಿ, ಎಲ್ಲಾ ಹಿಡಿಸಬೇಕು.

ಇನ್ನು ವೇಗ. ಸ್ಪೆಕ್ಟ್ರಮ್‌ನ ಜೆಡ್80 ಪ್ರೊಸೆಸರ್ ಸೆಕೆಂಡಿಗೆ 35 ಲಕ್ಷ ಸಲ ಟಿಕ್ ಅನ್ನುತ್ತೆ. ಕೇಳೋಕೆ ದೊಡ್ಡ ಸಂಖ್ಯೆ. ಆದ್ರೆ ಬ್ರಿಟನ್ನಿನ ಟಿವಿ ಸೆಕೆಂಡಿಗೆ 50 ಸಲ ಚಿತ್ರ ಬದಲಿಸ್ತಿತ್ತು. ಭಾಗಿಸಿ. ಒಂದೊಂದು ಚಿತ್ರಕ್ಕೆ ಸಿಗೋದು ಸುಮಾರು 70,000 ಟಿಕ್. ಈಗ ಹಿನ್ನೆಲೆ ಇಡೀ ಪಕ್ಕಕ್ಕೆ ಸರಿಯಬೇಕು ಅನ್ಕೊಳ್ಳಿ. ಸ್ಕ್ರೀನಿನ ಚುಕ್ಕೆಗಳು ಕೂತಿರೋದು 6,144 ಬೈಟ್‌ಗಳಲ್ಲಿ. ಒಂದು ಬೈಟನ್ನ ಎತ್ತಿ ಇನ್ನೊಂದು ಕಡೆ ಇಡೋಕೆ ಮಾಮೂಲಿ ಆದೇಶ ತಗೊಳ್ಳೋದು 21 ಟಿಕ್. ಗುಣಿಸಿ ನೋಡಿ, 1,29,000 ಟಿಕ್ ಆಯ್ತು. ಬರೀ ಹಿನ್ನೆಲೆ ಸರಿಸೋಕೇ ಹೆಚ್ಚುಕಡಿಮೆ ಎರಡು ಚಿತ್ರದ ಹೊತ್ತು ಖರ್ಚು. ಇನ್ನೂ ಹೀರೋ ಬಂದಿಲ್ಲ, ಶತ್ರು ಬಂದಿಲ್ಲ, ಒಂದು ಗುಂಡೂ ಹಾರಿಲ್ಲ.

ಆರ್ಕೇಡ್ ಯಂತ್ರದಲ್ಲಿ ಈ ಕೆಲಸಕ್ಕೇ ಬೇರೆ ಚಿಪ್‌ಗಳು ಇರ್ತಿದ್ವು. ಹಿನ್ನೆಲೆಯನ್ನ ಹಾರ್ಡ್‌ವೇರೇ ಸರಿಸುತ್ತೆ, ಪಾತ್ರಗಳನ್ನ ಹಾರ್ಡ್‌ವೇರೇ ಮೇಲೆ ಕೂರಿಸುತ್ತೆ. ಕಮೊಡೋರ್ 64ರಲ್ಲೂ ಇದು ಸ್ವಲ್ಪ ಮಟ್ಟಿಗೆ ಇತ್ತು, ಎಂಟು ಹಾರ್ಡ್‌ವೇರ್ ಸ್ಪ್ರೈಟ್‌ಗಳು ಮತ್ತು ಒಳ್ಳೆ ಸೌಂಡ್ ಚಿಪ್ ಜೊತೆಗೆ. ಸ್ಪೆಕ್ಟ್ರಮ್‌ನಲ್ಲಿ ಇವೇನೂ ಇಲ್ಲ. ಎಲ್ಲಾ ಆ ಒಂದೇ ಪ್ರೊಸೆಸರ್ ಮಾಡಬೇಕು. ಪೀಂ ಅನ್ನೋ ಬೀಪರ್‌ನಿಂದ ಸದ್ದು ಹೊರಡಿಸೋ ಕೆಲಸವೂ ಅದರದ್ದೇ. ಹಾಗಾಗಿ ಸಂಗೀತ ನುಡಿಸ್ತಿದ್ರೆ ಚಿತ್ರ ನಿಧಾನ, ಚಿತ್ರ ಓಡ್ತಿದ್ರೆ ಸಂಗೀತ ಬಂದ್.

ಮೂರನೇ ತೊಂದರೆ ಬಣ್ಣದ್ದು. ಸ್ಪೆಕ್ಟ್ರಮ್ ಸ್ಕ್ರೀನನ್ನ 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಚೌಕಗಳಾಗಿ ಯೋಚಿಸಿ. ಒಂದು ಚೌಕದಲ್ಲಿ ಎರಡೇ ಬಣ್ಣಕ್ಕೆ ಅವಕಾಶ. ಕೆಂಪು ಅಂಗಿಯ ಹೀರೋ ಹಸಿರು ಮರದ ಮುಂದೆ ಹೋದ್ರೆ ಒಂದೋ ಹೀರೋ ಹಸಿರಾಗ್ತಾನೆ, ಇಲ್ಲಾ ಮರ ಚೌಕ ಚೌಕವಾಗಿ ಕೆಂಪಾಗುತ್ತೆ. ಇದಕ್ಕೆ ‘ಕಲರ್ ಕ್ಲ್ಯಾಶ್’ ಅಂತ ಹೆಸರು. ಮೆಮೊರಿ ಉಳಿಸೋಕೆ ಮಾಡಿದ ಉಪಾಯ ಅದು. ಬಣ್ಣದ ಮಾಹಿತಿ ಇಡೀ ಸ್ಕ್ರೀನಿಗೆ ಬರೀ 768 ಬೈಟ್‌ನಲ್ಲಿ ಮುಗೀತಿತ್ತು.

ಕೆಲಸ ಹೇಗೆ ನಡೀತಿತ್ತು?

ಮೊದಮೊದಲು ಯಾರೂ ಯಾರನ್ನೂ ಕೇಳ್ತಿರಲಿಲ್ಲ. ಪ್ಯಾಕ್‌ಮ್ಯಾನ್ ನೋಡಿದ್ರು, ಅದೇ ಥರದ್ದು ಬರೆದ್ರು, ಹೆಸರು ಬದಲಿಸಿದ್ರು, ಮಾರಿದ್ರು. ಬಿಬಿಸಿ ಮೈಕ್ರೋದಲ್ಲಿ ಏಕಾರ್ನ್‌ಸಾಫ್ಟ್ ತಂದ ‘ಸ್ನ್ಯಾಪರ್’ ಎಷ್ಟರಮಟ್ಟಿಗೆ ಪ್ಯಾಕ್‌ಮ್ಯಾನ್ ಆಗಿತ್ತು ಅಂದ್ರೆ, ಆಮೇಲೆ ಪಾತ್ರಗಳ ಚಿತ್ರ ಬದಲಿಸಿ ಮತ್ತೆ ಬಿಡುಗಡೆ ಮಾಡಬೇಕಾಯ್ತು.

ದಶಕದ ಮಧ್ಯಕ್ಕೆ ಬರೋ ಹೊತ್ತಿಗೆ ಇದು ದೊಡ್ಡ ವ್ಯಾಪಾರ ಆಯ್ತು. ಮ್ಯಾಂಚೆಸ್ಟರ್‌ನ ಓಷನ್, ಬರ್ಮಿಂಗ್‌ಹ್ಯಾಮ್‌ನ ಯುಎಸ್ ಗೋಲ್ಡ್, ಎಲೀಟ್ ಥರದ ಕಂಪನಿಗಳು ಜಪಾನಿನ ಕೊನಾಮಿ, ಟೈಟೋ, ಸೆಗಾ, ಕ್ಯಾಪ್‌ಕಾಮ್‌ಗಳಿಂದ ಹಕ್ಕು ಕೊಳ್ಳೋಕೆ ಶುರು ಮಾಡಿದ್ವು. ಲಿವರ್‌ಪೂಲ್‌ನ ಇಮ್ಯಾಜಿನ್ ಅನ್ನೋ ಕಂಪನಿ 1984ರಲ್ಲಿ ಮುಳುಗಿದಾಗ ಓಷನ್ ಅದರ ಹೆಸರನ್ನೇ ಕೊಂಡ್ಕೊಂಡು, ಆ ಹೆಸರಲ್ಲಿ ಆರ್ಕೇಡ್ ಆಟಗಳನ್ನ ತಂತು. ಓಷನ್ ಪ್ರೋಗ್ರಾಮರ್‌ಗಳು ಕೂರ್ತಿದ್ದದ್ದು ಕ್ವೇಕರ್ ಪಂಥದವರ ಪ್ರಾರ್ಥನಾ ಮಂದಿರದ ಕಟ್ಟಡದ ನೆಲಮಾಳಿಗೆಯಲ್ಲಿ. ಮೇಲೆ ಮೌನ ಪ್ರಾರ್ಥನೆ, ಕೆಳಗೆ ಗುಂಡಿನ ಮಳೆ!

ಇಲ್ಲೊಂದು ವಿಷಯ ಗಮನಿಸಿ. ಹಕ್ಕು ಕೊಂಡರು ಅಂದ ಮಾತ್ರಕ್ಕೆ ಜಪಾನಿನಿಂದ ಸೋರ್ಸ್ ಕೋಡ್ ಬರ್ತಿರಲಿಲ್ಲ. ಎಷ್ಟೋ ಸಲ ಬರ್ತಿದ್ದದ್ದು ಆರ್ಕೇಡ್ ಯಂತ್ರ ಮಾತ್ರ, ಇಲ್ಲಾ ಅದರ ಸರ್ಕಿಟ್ ಬೋರ್ಡ್. ಅದೂ ಇಲ್ಲದಿದ್ರೆ ಯಾರೋ ಆಡಿದ ವಿಡಿಯೋ ಟೇಪ್. ಪ್ರೋಗ್ರಾಮರ್ ಅದನ್ನ ಆಡಬೇಕು, ಶತ್ರು ಎಲ್ಲಿಂದ ಬರ್ತಾನೆ ಅಂತ ಬರ್ಕೋಬೇಕು, ಕಲಾವಿದ ಟಿವಿ ನೋಡ್ಕೊಂಡು ಒಂದೊಂದು ಚುಕ್ಕೆ ಬಿಡಿಸಬೇಕು. ಊಟ ಮಾಡಿ, ರುಚಿ ನೋಡಿ, ಮನೆಗೆ ಬಂದು ಅದೇ ಸಾರು ಮಾಡಿದ ಹಾಗೆ. ಅದೂ ಕ್ರಿಸ್‌ಮಸ್ ಮಾರಾಟದ ಒಳಗೆ ಮುಗಿಸಬೇಕು.

ಎರಡು ಕಾರುಗಳ ಕಥೆ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಎರಡೂ ಕಾರ್ ಆಟ, ಎರಡೂ ಸ್ಪೆಕ್ಟ್ರಮ್‌ಗೆ ಬಂದವು. ನಾನು ಎರಡನ್ನೂ ಎಮ್ಯುಲೇಟರ್‌ನಲ್ಲಿ ಒಂದರ ಹಿಂದೆ ಒಂದು ಆಡಿ ನೋಡಿದೆ.

ಮೊದಲನೆಯದು ಔಟ್‌ರನ್. 1986ರಲ್ಲಿ ಸೆಗಾದ ಯು ಸುಝುಕಿ ತಂಡ ಮಾಡಿದ ಆರ್ಕೇಡ್ ಆಟ. ಕೂತ್ಕೊಂಡು ಆಡೋ ಯಂತ್ರ, ಸ್ಟೀರಿಂಗ್ ತಿರುಗಿಸಿದ್ರೆ ಸೀಟೂ ಅಲುಗುತ್ತೆ. ಒಳಗೆ ಎರಡು ಮೋಟೊರೋಲಾ 68000 ಪ್ರೊಸೆಸರ್‌ಗಳು, ಸ್ಪೆಕ್ಟ್ರಮ್‌ನ ಇಡೀ ಜೀವವಾಗಿದ್ದ ಜೆಡ್80 ಇಲ್ಲಿ ಬರೀ ಸದ್ದು ನೋಡ್ಕೊಳ್ಳೋಕೆ. ನೀಲಿ ಆಕಾಶ, ತಾಳೆ ಮರ, ರೇಡಿಯೋದಲ್ಲಿ ನಮಗೆ ಬೇಕಾದ ಹಾಡು. ಆ ಆಟದ ಸುಖ ಇರೋದು ಗೆಲ್ಲೋದ್ರಲ್ಲಲ್ಲ, ಗಾಳಿಗೆ ಮುಖ ಕೊಟ್ಟು ಓಡಿಸೋದ್ರಲ್ಲಿ.

1987ರಲ್ಲಿ ಯುಎಸ್ ಗೋಲ್ಡ್ ಇದನ್ನ ಸ್ಪೆಕ್ಟ್ರಮ್‌ಗೆ ತಂತು. ಕಾರ್ ಇದೆ, ರಸ್ತೆ ಇದೆ, ಮರಗಳೂ ಇವೆ. ಆದ್ರೆ ಓಟವೇ ಇಲ್ಲ. ಚಿತ್ರಗಳನ್ನ ಉಳಿಸೋ ಭರದಲ್ಲಿ ವೇಗ ಹೋಯ್ತು, ಸಂಗೀತವೂ ಹೋಯ್ತು. ಆಮೇಲೆ ಕಂಪನಿ ಮಾಡಿದ್ದು ಕೇಳಿ. ಡಬ್ಬದೊಳಗೆ ಇನ್ನೊಂದು ಕ್ಯಾಸೆಟ್ ಇಟ್ಟರು, ಆರ್ಕೇಡಿನ ಹಾಡುಗಳು ಇರೋ ಮಾಮೂಲಿ ಆಡಿಯೋ ಕ್ಯಾಸೆಟ್. ಆಟ ಲೋಡ್ ಮಾಡಿ, ಆಮೇಲೆ ಆ ಹಾಡು ಹಾಕ್ಕೊಂಡು ಆಡಿ! ಇದನ್ನ ಓದಿದಾಗ ನಂಗೆ ಮೊದಲು ನಗು ಬಂತು. ಆಮೇಲೆ ಅನ್ನಿಸ್ತು, ಸಂಗೀತ ಇಲ್ಲದೆ ಇದು ಔಟ್‌ರನ್ ಅಲ್ಲ ಅನ್ನೋದು ಅವರಿಗೂ ಗೊತ್ತಿತ್ತಲ್ವಾ?

ಎರಡನೆಯದು ಚೇಸ್ ಎಚ್‌ಕ್ಯು. ಟೈಟೋದ 1988ರ ಆರ್ಕೇಡ್ ಆಟ. ನೀವು ಪೊಲೀಸ್. ಕಳ್ಳನ ಕಾರನ್ನ ಬೆನ್ನಟ್ಟಬೇಕು, ಗುದ್ದಿ ಗುದ್ದಿ ನಿಲ್ಲಿಸಬೇಕು. ಓಷನ್ 1989ರಲ್ಲಿ ಸ್ಪೆಕ್ಟ್ರಮ್‌ಗೆ ತಂತು. ಪ್ರೋಗ್ರಾಮಿಂಗ್ ಜಾನ್ ಓ’ಬ್ರಿಯನ್, ಚಿತ್ರ ಬಿಲ್ ಹಾರ್ಬಿಸನ್.

ಈ ತಂಡ ಮೊದಲು ಬಿಟ್ಟದ್ದೇ ಬಣ್ಣವನ್ನ. ರಸ್ತೆಯ ಭಾಗ ಹೆಚ್ಚುಕಡಿಮೆ ಒಂದೇ ಬಣ್ಣ, ಅದರ ಮೇಲೆ ಕಪ್ಪು ಗೆರೆ. ಬಣ್ಣ ಬಿಟ್ಟ ಮೇಲೆ ಕಲರ್ ಕ್ಲ್ಯಾಶ್ ಅನ್ನೋ ತಲೆನೋವೇ ಇಲ್ಲ. ಉಳಿದ ಶಕ್ತಿಯನ್ನೆಲ್ಲಾ ವೇಗಕ್ಕೆ ಸುರಿದರು. ರಸ್ತೆ ಏರುತ್ತೆ, ಇಳಿಯುತ್ತೆ, ತಿರುಗುತ್ತೆ. ಟರ್ಬೊ ಒತ್ತಿದ್ರೆ ಹೊಟ್ಟೆಯಲ್ಲಿ ಸಣ್ಣಗೆ ಒಂದು ಜುಮ್ ಆಗುತ್ತೆ. ಈ ಕಾಲದ ಫೋನ್ ಕಣ್ಣಿಗೂ ಆಗುತ್ತೆ, ನಾನು ಆಡಿ ಹೇಳ್ತಿದೀನಿ. ಆಮೇಲೆ ಬಂದ 128 ಕೆಬಿ ಮಾಡೆಲ್‌ನಲ್ಲಿ ಆಡಿದ್ರೆ ಹೆಡ್‌ಕ್ವಾರ್ಟರ್ಸ್‌ನ ನ್ಯಾನ್ಸಿ ರೇಡಿಯೋದಲ್ಲಿ ಮಾತಾಡೋದೂ ಕೇಳುತ್ತೆ.

ಫೋಟೋ ತೆಗೆದು ಪಕ್ಕ ಪಕ್ಕ ಇಟ್ಟರೆ ಆರ್ಕೇಡಿನ ಚೇಸ್ ಎಚ್‌ಕ್ಯುಗೂ ಇದಕ್ಕೂ ದೂರದ ನೆಂಟಸ್ತನ. ಕೈಯಲ್ಲಿ ಆಡಿದ್ರೆ ಅದೇ ಆಟ. ಇದಕ್ಕಿಂತ ಆಶ್ಚರ್ಯ ಏನಂದ್ರೆ, ಸ್ಪ್ರೈಟು, ಬಣ್ಣ, ಒಳ್ಳೆ ಸಂಗೀತ ಎಲ್ಲಾ ಇದ್ದ ಕಮೊಡೋರ್ 64ಕ್ಕೆ ಬಂದ ಇದೇ ಚೇಸ್ ಎಚ್‌ಕ್ಯು ಮಾತ್ರ ಸಪ್ಪೆ. ಯಂತ್ರದ ಬಲ ಒಂದೇ ಸಾಕಾಗಲ್ಲ. ಈ ಆಟದ ಪ್ರಾಣ ಎಲ್ಲಿದೆ ಅಂತ ಮೊದಲು ಯಾರೋ ಕೂತು ಯೋಚಿಸಬೇಕು. ಚೇಸ್ ಎಚ್‌ಕ್ಯುದ ಪ್ರಾಣ ಬೆನ್ನಟ್ಟುವಿಕೆ. ಅದನ್ನ ಉಳಿಸಿದರು, ಮಿಕ್ಕಿದ್ದನ್ನ ಬಿಟ್ಟರು.

ಬಣ್ಣ ಬಿಡದವರೂ ಇದ್ದರು

ಹಾಗಂತ ಬಣ್ಣ ಬಿಡೋದೇ ಮಂತ್ರ ಅನ್ಕೋಬೇಡಿ. ಐರೆಮ್ ಕಂಪನಿಯ ಆರ್‌–ಟೈಪ್, 1987ರ ಆರ್ಕೇಡ್ ಆಟ. ಬಾಹ್ಯಾಕಾಶ ನೌಕೆ, ವಿಕಾರ ರಾಕ್ಷಸರು. ಸ್ಪೆಕ್ಟ್ರಮ್‌ಗೆ ಇದು ಅಸಾಧ್ಯ ಅನ್ನೋ ಹಾಗಿತ್ತು. 1988ರಲ್ಲಿ ಬಾಬ್ ಪೇಪ್ ಅನ್ನೋ ಪ್ರೋಗ್ರಾಮರ್ ಅದನ್ನ ಮಾಡಿ ತೋರಿಸಿದ್ರು, ಅದೂ ಬಣ್ಣ ಬಣ್ಣವಾಗಿ.

ಹೇಗೆ? ಬಾಹ್ಯಾಕಾಶ ಕಪ್ಪು. ಹಿನ್ನೆಲೆ ಕಪ್ಪಾದ್ರೆ ಪ್ರತಿ ಚೌಕದ ಎರಡು ಬಣ್ಣದಲ್ಲಿ ಒಂದು ಆಗಲೇ ಕಪ್ಪು, ಇನ್ನೊಂದು ಶತ್ರುವಿನ ಬಣ್ಣ. ಎಲ್ಲವನ್ನೂ ಆ 8 ಚುಕ್ಕೆ ಚೌಕಗಳಿಗೆ ಹೊಂದೋ ಹಾಗೆ ಬಿಡಿಸಿ, ಸರಿಸಿದ್ರೆ ಕ್ಲ್ಯಾಶ್ ಕಣ್ಣಿಗೆ ಬೀಳಲ್ಲ. ಯಂತ್ರದ ದೋಷವನ್ನ ಆಟದ ಕತ್ತಲಲ್ಲಿ ಬಚ್ಚಿಟ್ಟರು. ಬಾಬ್ ಪೇಪ್ ಈ ಇಡೀ ಅನುಭವವನ್ನ ‘ಇಟ್ಸ್ ಬಿಹೈಂಡ್ ಯು’ ಅನ್ನೋ ಪುಸ್ತಕ ಮಾಡಿ 2013ರಲ್ಲಿ ಉಚಿತವಾಗಿ ಹಂಚಿದ್ರು. ಪ್ರೋಗ್ರಾಮಿಂಗ್ ಕಲಿಯೋರು ಓದಲೇಬೇಕಾದ ಪುಸ್ತಕ. ಡೆಡ್‌ಲೈನ್ ಅಂದ್ರೆ ಏನು ಅಂತ ಅರ್ಥ ಆಗುತ್ತೆ.

ಅದೇ ಆರ್‌–ಟೈಪ್ ಆಮ್‌ಸ್ಟ್ರಾಡ್ ಸಿಪಿಸಿಗೆ ಹೋದಾಗ ನಡೆದದ್ದು ಬೇರೆ. ಸಿಪಿಸಿಯಲ್ಲೂ ಜೆಡ್80 ಪ್ರೊಸೆಸರೇ, ಇನ್ನೂ ಸ್ವಲ್ಪ ವೇಗದ್ದು, ಬಣ್ಣಗಳೂ ಜಾಸ್ತಿ. ಸರಿ, ಸ್ಪೆಕ್ಟ್ರಮ್ ಕೋಡನ್ನೇ ತಗೊಂಡು ಕೆಲವೇ ವಾರದಲ್ಲಿ ಅದಕ್ಕೆ ಹೊಂದಿಸಿಬಿಟ್ರು. ಆದ್ರೆ ಸಿಪಿಸಿಯ ಸ್ಕ್ರೀನ್ ತಿನ್ನೋದು 16 ಕೆಬಿ, ಸ್ಪೆಕ್ಟ್ರಮ್‌ನ ಎರಡು ಪಟ್ಟಿಗಿಂತ ಹೆಚ್ಚು. ಸರಿಸೋ ಮೂಟೆ ದೊಡ್ಡದಾದ್ರೆ ಕೂಲಿಯವನು ನಿಧಾನ ಆಗಲೇಬೇಕಲ್ಲ. ಆಟ ಕುಂಟಿತು, ಬಣ್ಣವೂ ಬರಲಿಲ್ಲ. ಆ ಕಾಲದಲ್ಲಿ ಸಿಪಿಸಿ ಇಟ್ಕೊಂಡಿದ್ದ ಮಕ್ಕಳ ದೊಡ್ಡ ದೂರು ಇದೇ. ನಮ್ಮ ಯಂತ್ರ ಒಳ್ಳೇದು, ನಮಗೆ ಸಿಗೋದು ಪಕ್ಕದ ಮನೆಯವರ ಹಳೇ ಅಂಗಿ.

ಕಮೊಡೋರ್ 64ರ ಆರ್‌–ಟೈಪ್ ಕಥೆ ಇನ್ನೂ ಮಜಾ. ಜರ್ಮನಿಯ ರೈನ್‌ಬೋ ಆರ್ಟ್ಸ್ 1988ರಲ್ಲಿ ‘ಕಟಾಕಿಸ್’ ಅನ್ನೋ ಆಟ ತಂತು, ಬರೆದದ್ದು ಮಾನ್‌ಫ್ರೆಡ್ ಟ್ರೆಂಟ್ಸ್. ನೋಡಿದ್ರೆ ಥೇಟ್ ಆರ್‌–ಟೈಪ್. ಹಕ್ಕು ಕೊಂಡಿದ್ದ ಆ್ಯಕ್ಟಿವಿಷನ್ ಕಾನೂನು ಕ್ರಮದ ಎಚ್ಚರಿಕೆ ಕೊಡ್ತು. ಕೊನೆಗೆ ರಾಜಿ ಏನಾಯ್ತು ಗೊತ್ತಾ? ಇಷ್ಟು ಚೆನ್ನಾಗಿ ನಕಲು ಮಾಡಿದವರೇ ಅಸಲಿಯನ್ನೂ ಮಾಡಿಕೊಡಲಿ ಅಂತ! ಕಮೊಡೋರ್ 64ರ ಅಧಿಕೃತ ಆರ್‌–ಟೈಪ್ ಬರೆದದ್ದು ಅದೇ ಟ್ರೆಂಟ್ಸ್.

ದುಡ್ಡು ಯಾರದ್ದು?

ಇದನ್ನೆಲ್ಲಾ ಕೇಳ್ತಾ ಕೇಳ್ತಾ ಇದು ಬರೀ ತಾಂತ್ರಿಕ ಕಸರತ್ತು ಅನ್ನಿಸಬಹುದು. ಆದ್ರೆ ಇದರಲ್ಲಿ ಒಂದು ಪಾಲು ಮೋಸವೂ ಇತ್ತು.

ಒಂದು ಹೊಸ ಆಟಕ್ಕೆ ಎಂಟು ಹತ್ತು ಪೌಂಡ್. ಹುಡುಗನ ಪಾಕೆಟ್ ಮನಿ ವಾರಗಟ್ಟಲೆ ಸೇರಿಸಿದ್ರೆ ಒಂದು ಆಟ. ಡಬ್ಬದ ಮುಂದೆ ಆರ್ಕೇಡಿನ ಭರ್ಜರಿ ಚಿತ್ರ. ಹಿಂದೆ ಸ್ಕ್ರೀನ್‌ಶಾಟ್‌ಗಳು, ಎಷ್ಟೋ ಸಲ ಆರ್ಕೇಡ್ ಯಂತ್ರದ್ದು ಇಲ್ಲಾ ಬೇರೆ ದುಬಾರಿ ಕಂಪ್ಯೂಟರಿನದ್ದು. ಚಿತ್ರಗಳು ಬೇರೆ ಆವೃತ್ತಿಯದಿರಬಹುದು ಅಂತ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಸಾಲು. ಮನೆಗೆ ಬಂದು, ಟೇಪ್ ಹಾಕಿ, ಕಿರ್ರ್ ಅನ್ನೋ ಸದ್ದು ಐದು ನಿಮಿಷ ಕೇಳಿ, ಕೊನೆಗೆ ಸ್ಕ್ರೀನ್ ಮೇಲೆ ಏನು ಬಂತು ಅಂತ ನೋಡಿದಾಗಲೇ ಸತ್ಯ ಗೊತ್ತಾಗ್ತಿದ್ದದ್ದು. ಎಷ್ಟೋ ಆಟದಲ್ಲಿ ಪ್ರತಿ ಹಂತಕ್ಕೂ ಮತ್ತೆ ಟೇಪ್ ಓಡಿಸಬೇಕು. ಸತ್ತರೆ ರಿವೈಂಡ್ ಮಾಡಿ ಮೊದಲಿಂದ.

ಆಗ ಯೂಟ್ಯೂಬ್ ಇಲ್ಲ, ಗೇಮ್‌ಪ್ಲೇ ವಿಡಿಯೋ ಇಲ್ಲ. ಇದ್ದದ್ದು ಕ್ರ್ಯಾಶ್, ಝ್ಯಾಪ್ 64, ಯುವರ್ ಸಿಂಕ್ಲೇರ್ ಥರದ ಪತ್ರಿಕೆಗಳು. ಅವುಗಳ ವಿಮರ್ಶೆಯೇ ಮಕ್ಕಳಿಗೆ ಕಾವಲು. ಇನ್ನೊಂದು ದಾರಿ ಕಾಯೋದು. ವರ್ಷ ಎರಡು ವರ್ಷ ಕಳೆದ ಮೇಲೆ ಅದೇ ಆಟ ಓಷನ್‌ನ ‘ಹಿಟ್ ಸ್ಕ್ವಾಡ್’ ಥರದ ಅಗ್ಗದ ಲೇಬಲ್‌ನಲ್ಲಿ 2.99 ಪೌಂಡ್‌ಗೆ ಬರ್ತಿತ್ತು.

ಇವತ್ತು ಫೋನ್‌ನಲ್ಲಿ ಒಂದು ಗೇಮಿನ ಜಾಹೀರಾತು ನೋಡಿ ಇನ್‌ಸ್ಟಾಲ್ ಮಾಡಿದ್ರೆ ಒಳಗೆ ಇನ್ನೇನೋ ಇರುತ್ತಲ್ಲ, ಅದರ ಮುತ್ತಜ್ಜ ಈ ಡಬ್ಬದ ಹಿಂಬದಿ. ನಾವು ಅನ್‌ಇನ್‌ಸ್ಟಾಲ್ ಮಾಡಿ ಮುಂದೆ ಹೋಗ್ತೀವಿ. ಆ ಹುಡುಗನಿಗೆ ಮುಂದಿನ ಆಟಕ್ಕೆ ಮತ್ತೆ ವಾರಗಟ್ಟಲೆ ಕಾಯಬೇಕಿತ್ತು. ಅದಕ್ಕೇ ನಂಗೆ ಜಾನ್ ಓ’ಬ್ರಿಯನ್, ಬಾಬ್ ಪೇಪ್ ಥರದವರ ಮೇಲೆ ಗೌರವ ಹೆಚ್ಚು. ಡಬ್ಬದ ಮೇಲಿನ ಚಿತ್ರ ಕೊಟ್ಟ ಮಾತನ್ನ ಅವರಿಂದ ಪೂರ್ತಿ ಉಳಿಸೋಕೆ ಆಗ್ತಿರಲಿಲ್ಲ. ಆದ್ರೆ ದುಡ್ಡು ಕೊಟ್ಟ ಹುಡುಗನ ಕೈಗೆ ಏನಾದ್ರೂ ನಿಜವಾದದ್ದು ಸಿಗಬೇಕು ಅಂತ ದುಡಿದರು.

ಆಮೇಲೆ ಏನಾಯ್ತು?

ದಶಕದ ಕೊನೆಗೆ ದಿಕ್ಕೇ ತಿರುಗೋಕೆ ಶುರುವಾಯ್ತು. ರೋಬೋಕಾಪ್ ಸಿನಿಮಾದ ಆಟದ ಹಕ್ಕನ್ನ ಓಷನ್ ಮೊದಲೇ ಕೊಂಡಿತ್ತು. ಆರ್ಕೇಡ್ ಆಟ ಮಾಡೋಕೆ ಜಪಾನಿನ ಡೇಟಾ ಈಸ್ಟ್ ಓಷನ್‌ನಿಂದಲೇ ಅನುಮತಿ ಪಡೀಬೇಕಾಯ್ತು. ಮ್ಯಾಂಚೆಸ್ಟರ್‌ನ ನೆಲಮಾಳಿಗೆಯವರು ಜಪಾನಿನವರಿಗೆ ಹಕ್ಕು ಕೊಡೋ ಮಟ್ಟಕ್ಕೆ ಬೆಳೆದಿದ್ರು. ಅಮಿಗಾ, ಕನ್ಸೋಲ್‌ಗಳು ಮನೆಮನೆಗೆ ಹರಡಿದ್ವು, 90ರ ದಶಕದ ಮಧ್ಯಕ್ಕೆ ಪ್ಲೇಸ್ಟೇಷನ್ ಬಂದ ಮೇಲೆ ಆರ್ಕೇಡಿಗೂ ಮನೆಗೂ ಅಂತರ ಕರಗಿ ಹೋಯ್ತು. ಕನ್ವರ್ಶನ್ ಅನ್ನೋ ಕಲೆಗೆ ಕೆಲಸ ಕಮ್ಮಿಯಾಯ್ತು.

ಪೂರ್ತಿ ನಿಂತಿಲ್ಲ ಮಾತ್ರ. ಆಮ್‌ಸ್ಟ್ರಾಡ್ ಸಿಪಿಸಿ ಅಭಿಮಾನಿಗಳ ಗುಂಪೊಂದು 2012ರಲ್ಲಿ ಆರ್‌–ಟೈಪನ್ನ ಆ ಯಂತ್ರಕ್ಕೆ ಹೊಸದಾಗಿ, ಬಣ್ಣಬಣ್ಣವಾಗಿ ಮಾಡಿ ಪುಕ್ಕಟೆ ಬಿಟ್ಟಿತು. 1988ರಲ್ಲಿ ಆಗಬೇಕಿದ್ದ ಕೆಲಸ. ಯಂತ್ರದಲ್ಲಿ ಶಕ್ತಿ ಆಗಲೂ ಇತ್ತು, ಕೊಟ್ಟಿರಲಿಲ್ಲದ್ದು ಸಮಯ ಅಂತ ಅವರು ತೋರಿಸಿಕೊಟ್ರು.

ನಿಮಗೆ ಒಂದು ಸಣ್ಣ ಮನೆಗೆಲಸ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೇ ಸ್ಪೆಕ್ಟ್ರಮ್ ಆಟಗಳು ಬ್ರೌಸರ್‌ನಲ್ಲೇ ಆಡೋಕೆ ಸಿಗುತ್ವೆ. ಯಾವುದಾದ್ರೂ ಒಂದು ಕನ್ವರ್ಶನ್ ಆರಿಸಿ. ಮೊದಲು ಅದರ ಆರ್ಕೇಡ್ ವಿಡಿಯೋ ನೋಡಿ, ಆಮೇಲೆ ಇದನ್ನ ಆಡಿ. ಎಷ್ಟು ಚೆನ್ನಾಗಿ ಕಾಣುತ್ತೆ ಅಂತ ಕೇಳ್ಕೋಬೇಡಿ. ಇವರು ಏನನ್ನ ಬಿಟ್ಟರು, ಏನನ್ನ ಉಳಿಸ್ಕೊಂಡ್ರು, ಅದು ಸರಿಯಾಗಿತ್ತಾ ಅಂತ ಕೇಳ್ಕೊಳ್ಳಿ. ಆಡಿದ ಮೇಲೆ ನನಗೂ ತಿಳಿಸಿ.

ಇವತ್ತಿಗೆ ಇಷ್ಟೇ. ಮುಂದಿನ ವಾರ ಇನ್ನೊಂದು ವಿಷಯದೊಂದಿಗೆ ಸಿಗೋಣ. ಅಲ್ಲಿವರೆಗೂ ಚೆನ್ನಾಗಿ ಆಡಿ, ಕಣ್ಣಿಗೂ ಸ್ವಲ್ಪ ವಿಶ್ರಾಂತಿ ಕೊಡಿ. ನಮಸ್ಕಾರ.